ಕರೆಂಟ್ ಹೋದ ಮೇಲಿನ ಹತ್ತು ನಿಮಿಷ

ಎರಡು ವರ್ಷದ ಹಿಂದಿನ ಮಾತು. ಬೆಳೆ ವಿಮೆ ತುಂಬಲು ಅವತ್ತೇ ಕೊನೆಯ ದಿನ. ನಮ್ಮೂರಿನ ಕಂಪ್ಯೂಟರ್ ಸೆಂಟರಿನ ಕಟ್ಟೆಯ ಮೇಲೆ ಮಧ್ಯಾಹ್ನದಿಂದಲೇ ಪಾಳಿ. ಸೆಂಟರ್ ನಡೆಸುವವನು ನನ್ನ ಗೆಳೆಯ. ಸುದ್ದಿ ಕಳಿಸಲು ನಾನೂ ಅಲ್ಲೇ ಮೂಲೆಯಲ್ಲಿ ಕೂತಿದ್ದೆ. ಸಂಜೆ ಆರರ ಸುಮಾರಿಗೆ ಒಬ್ಬ ಹಿರಿಯರ ಪಾಳಿ ಬಂತು. ಮೂರು ಎಕರೆ ಸೋಯಾ ಬಿತ್ತಿದ್ದರು. ಉತಾರ, ಆಧಾರ್, ಪಾಸ್‌ಬುಕ್ಕು ಎಲ್ಲವನ್ನೂ ಒಂದು ಕ್ಯಾರಿಬ್ಯಾಗಿನಲ್ಲಿ ಸುತ್ತಿ ತಂದಿದ್ದರು.

"ಕಾಕಾ, ಇನ್ನೊಂದ ನಿಮಿಷ. ರೊಕ್ಕ ಹೋತು, ಪಾವತಿ ಒಂದ್ ಬರಬೇಕು ನೋಡ್ರಿ" ಎಂದ ಗೆಳೆಯ. ಅಷ್ಟರಲ್ಲಿ ಕರೆಂಟ್ ಹೋಯಿತು.

ಮೇಜಿನ ಕೆಳಗಿನ ಯುಪಿಎಸ್ ಕೀಂವ್ ಕೀಂವ್ ಎಂದು ಕೂಗಿತು. ಪಾವತಿಗೆ ಬೇಕಿದ್ದದ್ದು ಒಂದೇ ನಿಮಿಷ. ಆದರೆ ಆ ಡಬ್ಬಿ ನಿಂತದ್ದು ಅರ್ಧ ನಿಮಿಷವೂ ಇಲ್ಲ. ಪರದೆ ಕಪ್ಪಾಯಿತು.

"ಹೋತಲ್ಲೋ ತಮ್ಮಾ! ನಂದು ಆತೋ ಇಲ್ಲೋ?"

ಅದಕ್ಕೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಕರೆಂಟ್ ಬಂದಾಗ ಮಧ್ಯರಾತ್ರಿ ದಾಟಿತ್ತು. ಅರ್ಜಿ ದಾಖಲಾಗಿರಲಿಲ್ಲ, ಗಡುವು ಮುಗಿದಿತ್ತು. ಕಟ್ಟಿದ ಹಣ ಕೆಲವು ದಿನಗಳ ಮೇಲೆ ಖಾತೆಗೆ ವಾಪಸ್ ಬಂತು. ಆ ವರ್ಷ ಸೋಯಾ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಕಾಳು ಕಪ್ಪಾದವು. ಪಕ್ಕದ ಹೊಲದವರಿಗೆ ಪರಿಹಾರ ಬಂತು, ಇವರಿಗೆ ಇಲ್ಲ.

ಆಮೇಲೆ ಯುಪಿಎಸ್ ಬಿಚ್ಚಿ ನೋಡಿದೆವು. ಒಳಗಿನ ಬ್ಯಾಟರಿ ನಾಲ್ಕು ವರ್ಷ ಹಳೆಯದು, ಹೊಟ್ಟೆ ಉಬ್ಬಿಕೊಂಡಿತ್ತು. ಈ ಡಬ್ಬಿ ನಮ್ಮ ಊರುಗಳಿಗೆ ಹೇಗೆ ಬಂತು, ಇಷ್ಟು ದೊಡ್ಡ ಕೆಲಸವನ್ನು ನಾವು ಇದರ ತಲೆ ಮೇಲೆ ಯಾವಾಗ ಹೊರಿಸಿದೆವು ಎಂದು ಹುಡುಕಲು ನಾನು ಶುರು ಮಾಡಿದ್ದು ಅಲ್ಲಿಂದ.

ಬ್ಯಾಟರಿ ನಾವು ಅಂದುಕೊಂಡದ್ದಕ್ಕಿಂತ ಬಹಳ ಹಳೆಯ ವಸ್ತು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಸೀಸದ ಎರಡು ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ. ಕರೆಂಟ್ ಕೊಟ್ಟರೆ ತುಂಬಿಕೊಳ್ಳುತ್ತಿತ್ತು, ಬೇಕೆಂದಾಗ ವಾಪಸ್ ಕೊಡುತ್ತಿತ್ತು. 1881ರಲ್ಲಿ ಕಮಿಲ್ ಫೋರ್ ಎಂಬಾತ ಸೀಸದ ತಟ್ಟೆಗಳಿಗೆ ಸೀಸದ ಆಕ್ಸೈಡಿನ ಲೇಪ ಹಚ್ಚುವ ವಿಧಾನ ಕಂಡುಹಿಡಿದ ಮೇಲೆ ಅದು ಕಾರ್ಖಾನೆಯಲ್ಲಿ ತಯಾರಾಗುವ ಮಾಲಾಯಿತು. ಇವತ್ತು ನಿಮ್ಮ ಟ್ರ್ಯಾಕ್ಟರಿನಲ್ಲಿ, ಮನೆಯ ಇನ್ವರ್ಟರಿನಲ್ಲಿ ಇರುವುದು ಅದೇ ಸೀಸ, ಅದೇ ಆಮ್ಲ. ಮೊಬೈಲು ಕೈಗೆ ಬಂದು ಎಷ್ಟು ಬದಲಾಯಿತು ನೋಡಿ, ಇದು ಮಾತ್ರ ನಮ್ಮ ಮುತ್ತಜ್ಜನ ಕಾಲದ್ದು.

ಕರ್ನಾಟಕದ ಕರೆಂಟಿನ ಕಥೆ ಶುರುವಾಗುವುದು 1902ರಲ್ಲಿ. ಶಿವನಸಮುದ್ರದಲ್ಲಿ ಕಾವೇರಿಯಿಂದ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳಿಗೆ ಅದು ತಲುಪಲು ಇನ್ನೂ ಹಲವು ದಶಕ ಬೇಕಾಯಿತು. ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂಬ ಪಾಳಿ ಆವತ್ತೇ ಗೊತ್ತಾಗಿತ್ತು ಅನ್ನಿ.

ನಮ್ಮ ರಾಜ್ಯದ ಇನ್ನೊಂದು ಗುಣ, ಕರೆಂಟಿಗೂ ಮಳೆಯನ್ನೇ ನಂಬಿದ್ದು. ಜೋಗ, ಶರಾವತಿ, ಕಾಳಿ ಹೀಗೆ ಎಲ್ಲವೂ ನೀರಿನಿಂದ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಗುವವರೆಗೆ ರಾಜ್ಯದ ಸ್ವಂತ ವಿದ್ಯುತ್ತು ಬಹುಪಾಲು ಆಣೆಕಟ್ಟುಗಳದ್ದೇ. ಮಳೆ ಕೈಕೊಟ್ಟ ವರ್ಷ ಬೆಳೆಯೂ ಇಲ್ಲ, ಬೆಳಕೂ ಇಲ್ಲ. ಲೋಡ್ ಶೆಡ್ಡಿಂಗ್ ಎಂಬ ಇಂಗ್ಲಿಷ್ ಪದ ಅಕ್ಷರ ಬಾರದ ಅಜ್ಜಿಯರ ಬಾಯಲ್ಲೂ ಬಂದದ್ದು ಹಾಗೆ.

ಇಂಥ ಕಾಲದಲ್ಲಿ, ಕರೆಂಟ್ ಹೋದರೂ ನಿಲ್ಲದ ಒಂದು ಯಂತ್ರ ನಮ್ಮ ಬೆಳಗಾವಿ ಜಿಲ್ಲೆಗೇ ಬಂದಿತ್ತು. ಇದು ಹೆಚ್ಚಿನವರಿಗೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ಅದರ ಹಿಂದಿದ್ದವರು ಸ್ಯಾಮ್ ಪಿತ್ರೋಡಾ. ವಿದೇಶಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆ ಬೇಕು, ಧೂಳು ಇರಬಾರದು. ನಮ್ಮ ಹಳ್ಳಿಯಲ್ಲಿ ಅದನ್ನು ಇಡುವುದು ಎಲ್ಲಿ? ಹಾಗಾಗಿ ಸಿ-ಡಾಟ್ ಎಂಜಿನಿಯರುಗಳು ಎಸಿ ಬೇಡದ, ನಮ್ಮ ಸೆಕೆ ಧೂಳು ತಡೆಯುವ ಒಂದು ಸಣ್ಣ ಎಕ್ಸ್‌ಚೇಂಜ್ ಮಾಡಿದರು. 128 ಪೋರ್ಟುಗಳ ಈ ಗ್ರಾಮೀಣ ಎಕ್ಸ್‌ಚೇಂಜ್ ದೇಶದಲ್ಲೇ ಮೊದಲು ಚಾಲೂ ಆದದ್ದು 1986ರ ಜುಲೈನಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಕಿತ್ತೂರಿಗೆ ಹೋದವರು ಕೋಟೆ ನೋಡಿ ಬರುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ.

ಆ ಎಕ್ಸ್‌ಚೇಂಜ್ ಅಂದರೆ ಒಳಗೆ ಒಂದು ಕಂಪ್ಯೂಟರೇ. ಯಾರು ಯಾರಿಗೆ ಫೋನ್ ಹಚ್ಚಿದರು ಎಂದು ತಿಳಿದು ಜೋಡಿಸುವ ಯಂತ್ರ. ಇನ್ನು ಟೆಲಿಫೋನ್ ಇಲಾಖೆಯ ರೂಢಿ ಏನೆಂದರೆ ಎಕ್ಸ್‌ಚೇಂಜ್ ಓಡುವುದೇ 48 ವೋಲ್ಟಿನ ಬ್ಯಾಟರಿ ಸಾಲಿನ ಮೇಲೆ. ಹೊರಗಿನ ಕರೆಂಟಿನ ಕೆಲಸ ಆ ಬ್ಯಾಟರಿಗಳನ್ನು ತುಂಬಿಡುವುದು. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಯಂತ್ರ ಮೊದಲೇ ಬ್ಯಾಟರಿಗೆ ಅಂಟಿಕೊಂಡಿದೆ. ಮನೆಯ ಫೋನಿಗೂ ಅದೇ ತಂತಿಯಲ್ಲಿ ಕರೆಂಟ್ ಬರುತ್ತಿತ್ತು. ಹಳೆಯ ಡಯಲ್ ಫೋನು ಊರೆಲ್ಲ ಕತ್ತಲಾದರೂ ರಿಂಗಾಗುತ್ತಿತ್ತಲ್ಲ, ನೆನಪಿದೆಯೇ? ಗುಟ್ಟು ಇಷ್ಟೇ. ನೋಡಿಕೊಳ್ಳಲು ಒಬ್ಬ ಸಿಬ್ಬಂದಿ, ಬ್ಯಾಟರಿಯ ನೀರು ವೋಲ್ಟೇಜು ಬರೆದಿಡಲು ಒಂದು ಪುಸ್ತಕ. ಆ ಪುಸ್ತಕವನ್ನು ನಾವು ಆಮೇಲೆ ಕಳೆದುಕೊಂಡೆವು ಎಂಬುದು ನನ್ನ ಅಭಿಪ್ರಾಯ.

ಪಟ್ಟಣದ ಕಂಪ್ಯೂಟರುಗಳ ದಾರಿ ಬೇರೆ. ಮೊದಮೊದಲ ದೊಡ್ಡ ಕಂಪ್ಯೂಟರುಗಳ ಕಾಲದಲ್ಲಿ ಭಾರದ ಗಾಲಿಯೊಂದನ್ನು ಮೋಟಾರಿನಿಂದ ತಿರುಗಿಸಿ ಇಡುತ್ತಿದ್ದರು. ಕರೆಂಟ್ ಹೋದರೂ ಗಾಲಿ ತನ್ನ ಓಟದಲ್ಲೇ ಕೆಲವು ಸೆಕೆಂಡು ಜನರೇಟರನ್ನು ತಿರುಗಿಸುತ್ತಿತ್ತು, ಅಷ್ಟರಲ್ಲಿ ಡೀಸೆಲ್ ಎಂಜಿನ್ ಹತ್ತಿಕೊಳ್ಳಬೇಕು. ನಮ್ಮ ದೇಶದಲ್ಲಿ 1984ರ ಕಂಪ್ಯೂಟರ್ ನೀತಿಯ ಮೇಲೆ ಪಿಸಿಗಳು ಕಚೇರಿ, ಬ್ಯಾಂಕುಗಳಿಗೆ ಬಂದವು. ಜೊತೆಗೆ ಸಿವಿಟಿ ಎಂಬ ಗುಯ್ಯೆನ್ನುವ, ಬಿಸಿಯಾಗುವ ಭಾರದ ಪೆಟ್ಟಿಗೆಯೂ ಬಂತು. ಅದು ಏರಿಳಿಯುವ ವೋಲ್ಟೇಜನ್ನು ಒಂದು ಮಟ್ಟಕ್ಕೆ ತರುತ್ತಿತ್ತು. ಆದರೆ ಕರೆಂಟೇ ಹೋದರೆ ಅದೂ ಸುಮ್ಮನೆ.

ಹಳ್ಳಿಯವರಿಗೆ ಕಂಪ್ಯೂಟರ್ ನಿಜವಾಗಿ ತಟ್ಟಿದ್ದು 2001ರಲ್ಲಿ, ಭೂಮಿ ಯೋಜನೆಯಿಂದ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದನ್ನು ಮುನ್ನಡೆಸಿದರು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು.

ಅದಕ್ಕೂ ಮೊದಲು ಉತಾರ ಇದ್ದದ್ದು ತಲಾಟಿಯ ಚೀಲದಲ್ಲಿ. ತಲಾಟಿ ಸಿಗಬೇಕು, ಮನಸ್ಸು ಮಾಡಬೇಕು, ಕೈ ಬಿಸಿ ಮಾಡಬೇಕು. ಭೂಮಿ ಬಂದದ್ದರಿಂದ ರೈತರಿಗೆ ಆದ ಅನುಕೂಲವನ್ನು ಅಲ್ಲಗಳೆಯುವವ ನಾನಲ್ಲ. ಆದರೆ ತಲಾಟಿಯ ಚೀಲಕ್ಕೆ ಕರೆಂಟ್ ಬೇಕಿರಲಿಲ್ಲ. ಕೈಬರಹದ ಉತಾರ ನಿಂತುಹೋದ ದಿನದಿಂದ ಸಾಲ, ಮಾರಾಟ, ಪಾಲು ಎಲ್ಲವೂ ಪರದೆ ಹತ್ತಿದೆಯೇ ಎಂಬುದರ ಮೇಲೆ ನಿಂತವು. ಮೊದಮೊದಲು ಆಯಾ ತಾಲೂಕಿನ ದಾಖಲೆ ಆಯಾ ತಾಲೂಕಿನ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಅದು ನಿಂತರೆ ತಾಲೂಕಿನ ಉತಾರವೇ ನಿಂತಂತೆ.

ಆಗ ನಾನು ಕನ್ನಡ ಶಾಲೆಯ ಹುಡುಗ. ಅಪ್ಪನ ಸೈಕಲ್ ಹಿಂದೆ ಕೂತು ತಾಲೂಕಿಗೆ ಹೋಗಿದ್ದು ನೆನಪಿದೆ. ಕಚೇರಿಯ ಹಿಂದೆ ಜನರೇಟರ್ ಗಡಗಡ ಎನ್ನುತ್ತಿದ್ದರೆ ಅಪ್ಪ "ಚಾಲೂ ಐತಿ, ನಡಿ" ಎನ್ನುತ್ತಿದ್ದ. ಸದ್ದಿಲ್ಲದಿದ್ದರೆ ಬುತ್ತಿ ಬಿಚ್ಚಿ ಬೇವಿನ ಮರದ ಕೆಳಗೆ ಕೂರುವುದು. ಡೀಸೆಲ್ ಇದೆಯೋ ಇಲ್ಲವೋ ಎಂಬುದು ನಮ್ಮ ದಿನಗೂಲಿಯ ಪ್ರಶ್ನೆಯಾಗಿತ್ತು.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಎರಡನೇ ದಿನ ಪೂರ್ವ, ಈಶಾನ್ಯ ಭಾಗವೂ ಸೇರಿ ಸುಮಾರು 62 ಕೋಟಿ ಜನ ಇರುವ ಪ್ರದೇಶ ಕತ್ತಲಾಯಿತು. ನಮಗೆ ಏನೂ ಆಗಲಿಲ್ಲ. ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಉಳಿದ ದೇಶದ ಗ್ರಿಡ್ ಜೊತೆ ಒಂದೇ ತಾಳದಲ್ಲಿ ಸೇರಿರಲಿಲ್ಲ. ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಲೈನಿನಿಂದ. ಅದರಿಂದ ನಮಗೆ ಹೊರಗಿನ ಕರೆಂಟ್ ತರುವುದು ಸುಲಭವಾಯಿತು. ಇತ್ತ ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಲೈನು, ಮನೆಯ ಲೈನು ಬೇರೆಬೇರೆಯಾಗಿ ಊರೊಳಗಿನ ಕರೆಂಟ್ ಮೊದಲಿಗಿಂತ ಎಷ್ಟೋ ಸುಧಾರಿಸಿತು. ಇದನ್ನು ಒಪ್ಪಲೇಬೇಕು.

ಆದರೆ ಗಾಳಿ ಬೀಸಿದರೆ ತಂತಿ ಹರಿಯುವುದು, ಟಿಸಿ ಸುಟ್ಟರೆ ವಾರ ಕಾಯುವುದು ನಿಂತಿಲ್ಲ. ಸಿಂಗಲ್ ಫೇಸಿನಲ್ಲಿ ಕಂಡೆನ್ಸರ್ ಹಾಕಿ ಮೋಟಾರು ಹಚ್ಚುವುದೂ ನಿಂತಿಲ್ಲ. ಅದನ್ನು ಮಾಡುವವರಲ್ಲಿ ನಮ್ಮ ಮನೆಯವರೂ ಇದ್ದಾರೆ, ಹಾಗಾಗಿ ದೊಡ್ಡ ಮಾತು ಆಡುವುದಿಲ್ಲ. ಅದರ ಪರಿಣಾಮ ಮಾತ್ರ ಹೇಳಬೇಕು. ಸಂಜೆ ವೋಲ್ಟೇಜು 160ಕ್ಕೆ ಇಳಿಯುತ್ತದೆ, ಬಲ್ಬು ಕೆಂಪಗೆ ಉರಿಯುತ್ತದೆ, ಕಂಪ್ಯೂಟರ್ ಸೆಂಟರಿನ ಯುಪಿಎಸ್ ಕರೆಂಟ್ ಇದ್ದೂ ಇಲ್ಲ ಎಂದುಕೊಂಡು ಬ್ಯಾಟರಿ ತಿನ್ನುತ್ತ ಕೂರುತ್ತದೆ. ನಿಜವಾಗಿ ಕರೆಂಟ್ ಹೋಗುವ ಹೊತ್ತಿಗೆ ಅದರ ಹೊಟ್ಟೆ ಖಾಲಿ. ಕಾಕಾನ ಅರ್ಜಿ ಹೋದ ಸಂಜೆಯೂ ಸುಮಾರು ಇದೇ ಆಗಿರಬೇಕು. ಹಳೆಯ ಬ್ಯಾಟರಿ, ಮೇಲೆ ಡಿಮ್ ಕರೆಂಟ್.

ಹೊಸದು ತರಬೇಕು ಎಂದಾಗ ಗೆಳೆಯನೂ ನಾನೂ ನಾಲ್ಕು ಅಂಗಡಿ ಸುತ್ತಿದೆವು. ಅಂಗಡಿಯವರು ಮೊದಲು ಹೇಳುವುದು ವಿಎ ಲೆಕ್ಕ. 600 ವಿಎ, 1000 ವಿಎ. ಇದು ಎಷ್ಟು ಭಾರ ಹೊರುತ್ತದೆ ಎಂಬುದರ ಅಳತೆ, ಎಷ್ಟು ಹೊತ್ತು ಹೊರುತ್ತದೆ ಎಂಬುದರದ್ದಲ್ಲ. ಎತ್ತಿಗೆ ಬಲ ಇದೆ ಎಂದರೆ ಸಂಜೆಯವರೆಗೆ ನೇಗಿಲು ಎಳೆಯುತ್ತದೆ ಎಂದು ಅರ್ಥವಲ್ಲವಲ್ಲ. ಸಾಮಾನ್ಯ 600 ವಿಎ ಡಬ್ಬಿ ಸುಮಾರು 360 ವ್ಯಾಟ್ ಹೊರುತ್ತದೆ. ಒಂದು ಕಂಪ್ಯೂಟರ್, ಒಂದು ಪರದೆ ಸೇರಿ 100 ವ್ಯಾಟಿನ ಆಸುಪಾಸು, ಅಂದರೆ ಭಾರಕ್ಕೆ ತೊಂದರೆ ಇಲ್ಲ. ಆದರೆ ಒಳಗಿನ ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್. ಗುಣಿಸಿದರೆ 84 ವ್ಯಾಟ್ ಅವರ್. ಲೆಕ್ಕದಲ್ಲಿ 50 ನಿಮಿಷ ಬರಬೇಕು. ಬೇಗ ಬೇಗ ಎಳೆದರೆ ಸೀಸದ ಬ್ಯಾಟರಿ ಪೂರ್ತಿ ಕೊಡುವುದಿಲ್ಲ, ಬದಲಾವಣೆಯಲ್ಲೂ ಒಂದಷ್ಟು ಸೋರಿಹೋಗುತ್ತದೆ. ಹೊಸದಿದ್ದಾಗ 20 ನಿಮಿಷ ನಿಂತರೆ ದೊಡ್ಡದು. ಎರಡು ಮೂರು ವರ್ಷಕ್ಕೆ ಆ ಬ್ಯಾಟರಿಯ ಆಯುಷ್ಯ ಮುಗಿಯಿತು. ಅದನ್ನು ಮಾಡಿರುವುದೇ ಫೈಲು ಸೇವ್ ಮಾಡಿ ಬಂದ್ ಮಾಡಲು. ನಾವು ಅದರ ಮೇಲೆ ದಿನವಿಡೀ ಅಂಗಡಿ ನಡೆಸುತ್ತೇವೆ.

ಎರಡನೆಯದು ಬದಲಾಗುವ ವೇಗ. ಕರೆಂಟ್ ಹೋದಾಗ ಬ್ಯಾಟರಿಗೆ ಹೊರಳಲು ಸಾದಾ ಯುಪಿಎಸ್‌ಗೆ 4ರಿಂದ 10 ಮಿಲಿಸೆಕೆಂಡು ಸಾಕು. ಕಂಪ್ಯೂಟರಿನ ಒಳಗಿನ ಎಸ್‌ಎಂಪಿಎಸ್ 15–20 ಮಿಲಿಸೆಕೆಂಡು ಉಸಿರು ಹಿಡಿದಿರಬಲ್ಲದು. ಮನೆಯ ಇನ್ವರ್ಟರ್ ಸಾದಾ ಸ್ಥಿತಿಯಲ್ಲಿ ಇನ್ನೂ ನಿಧಾನ. ಹಾಗಾಗಿ ಕೆಲವರ ಮನೆಯಲ್ಲಿ ಇನ್ವರ್ಟರ್ ಇದ್ದೂ ಕಂಪ್ಯೂಟರ್ ಆಫ್ ಆಗಿ ಮತ್ತೆ ಹತ್ತಿಕೊಳ್ಳುತ್ತದೆ. ಬಹಳಷ್ಟು ಇನ್ವರ್ಟರುಗಳ ಹಿಂದೆ ಯುಪಿಎಸ್ ಎಂದು ಬರೆದ ಒಂದು ಸಣ್ಣ ಸ್ವಿಚ್ ಇರುತ್ತದೆ, ಹಾಕಿದರೆ ವೇಗವಾಗಿ ಹೊರಳುತ್ತದೆ. ನಮ್ಮ ಸುತ್ತಿನ ಐದಾರು ಸೆಂಟರುಗಳಲ್ಲಿ ನೋಡಿದೆ, ಇಬ್ಬರಿಗೆ ಮಾತ್ರ ಆ ಸ್ವಿಚ್ ಇರುವುದು ಗೊತ್ತಿತ್ತು.

ಆದರೆ ಅಲ್ಲೂ ಒಂದು ತಿರುವು ಇದೆ. ಆ ಸ್ವಿಚ್ ಹಾಕಿದಾಗ ಯಂತ್ರ ಸುಮಾರು 180 ವೋಲ್ಟಿಗಿಂತ ಕಡಿಮೆ ಕರೆಂಟನ್ನು ಒಪ್ಪುವುದಿಲ್ಲ. ಡಿಮ್ ಇರುವ ಊರಲ್ಲಿ ಮತ್ತೆ ಅದೇ ಕಥೆ, ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ತುಂಬುವುದೇ ಇಲ್ಲ. ಇನ್ವರ್ಟರಿಗೆ ಮುಂಚೆ ಒಂದು ಒಳ್ಳೆಯ ಸ್ಟೆಬಿಲೈಜರ್ ಹಾಕಿದರೆ ಇದು ಸರಿಹೋಗುತ್ತದೆ. ಆನ್‌ಲೈನ್ ಯುಪಿಎಸ್ ಎಂಬುದೂ ಇದೆ. ಎಕ್ಸ್‌ಚೇಂಜಿನ ಹಾಗೆ ಸದಾ ಬ್ಯಾಟರಿಯ ದಾರಿಯಲ್ಲೇ ಕರೆಂಟ್ ಕೊಡುತ್ತದೆ, ಒಂದು ಕ್ಷಣವೂ ಕಡಿಯುವುದಿಲ್ಲ. ರಕ್ತ ಪರೀಕ್ಷೆಯ ಲ್ಯಾಬಿಗೆ, ಸರ್ವರಿಗೆ ಅದು ಬೇಕು. ಎರಡು ಕಂಪ್ಯೂಟರಿನ ಸೆಂಟರಿಗೆ ಅಷ್ಟು ದುಡ್ಡು ಸುರಿಯುವುದು ನನಗೆ ಸರಿ ಕಾಣಲಿಲ್ಲ.

ಕೊನೆಗೆ ಗೆಳೆಯ ತಂದದ್ದು 150 ಆಂಪಿಯರ್ ಅವರಿನ ಟ್ಯೂಬುಲರ್ ಬ್ಯಾಟರಿ, ಪ್ಯೂರ್ ಸೈನ್ ವೇವ್ ಇನ್ವರ್ಟರ್, ಮುಂದೆ ಸ್ಟೆಬಿಲೈಜರ್. 12 ವೋಲ್ಟಿನ ಲೆಕ್ಕದಲ್ಲಿ 1800 ವ್ಯಾಟ್ ಅವರ್. ಸೋರಿದ್ದು ಕಳೆದು, ಪೂರ್ತಿ ಬರಿದು ಮಾಡದೆ ಬಳಸಿದರೆ ಎರಡು ಕಂಪ್ಯೂಟರಿಗೆ ಐದಾರು ತಾಸು. ಇದು ಮತ್ತೆ ತುಂಬಲು ಹತ್ತು ಹನ್ನೆರಡು ತಾಸು ಕರೆಂಟ್ ಬೇಕು ಎಂಬುದು ಮರೆಯಬಾರದು. ದಿನಕ್ಕೆ ಆರು ತಾಸು ಕರೆಂಟ್ ಇರುವ ಕಡೆ ದೊಡ್ಡ ಬ್ಯಾಟರಿ ಇಟ್ಟರೆ ಅದು ಅರೆಹೊಟ್ಟೆಯಲ್ಲೇ ಸೊರಗುತ್ತದೆ. ಅಂಥವರು ಮಾಳಿಗೆ ಮೇಲೆ ಒಂದು ಸೋಲಾರ್ ಫಲಕ ಹಾಕುವುದು ಮೇಲು.

ಜೋಡಿಸುವ ದಿನ ಇನ್ನಷ್ಟು ತಪ್ಪು ಗೊತ್ತಾದವು. ಲೇಜರ್ ಪ್ರಿಂಟರನ್ನು ಹಳೆಯ ಯುಪಿಎಸ್‌ಗೇ ಚುಚ್ಚಿದ್ದ. ಕಾಗದ ಬಿಸಿ ಮಾಡುವಾಗ ಅದು ಒಮ್ಮೆಗೇ ಎಳೆಯುವ ಕರೆಂಟಿಗೆ ಡಬ್ಬಿ ಸುಸ್ತಾಗುತ್ತಿತ್ತು. ರೌಟರ್ ಮಾತ್ರ ನೇರ ಗೋಡೆಯ ಪ್ಲಗ್ಗಿಗೆ. ಕಂಪ್ಯೂಟರ್ ಉಳಿದರೂ ನೆಟ್ ಹೋದರೆ ಅರ್ಜಿ ಹೋಗುವುದು ಹೇಗೆ? ಅದಕ್ಕೆ ಹತ್ತು ಹದಿನೈದು ವ್ಯಾಟ್ ಸಾಕು, ಆದರೂ ಯಾರೂ ನೆನೆಯುವುದಿಲ್ಲ. ಟವರಿನ ಬ್ಯಾಟರಿ, ಡೀಸೆಲ್ ಮುಗಿದರೆ ಅದು ನಮ್ಮ ಕೈಯಲ್ಲಿಲ್ಲ. ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ಉಪ್ಪು ಇದ್ದಿಲು ಹಾಕಿ ನೀರು ಸುರಿದೆವು. ಬ್ಯಾಟರಿಯನ್ನು ದೇವರ ಜಗಲಿಯ ಕೆಳಗಿನ ಕಪಾಟಿನಲ್ಲಿ ಇಡಲು ಹೊರಟಿದ್ದ. ಬೇಡ ಎಂದೆ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಮುಚ್ಚಿದ ಜಾಗ, ಮೇಲೆ ದೀಪ, ದೇವರೇ ಕಾಪಾಡಬೇಕು. ತಗಡಿನ ಗೋಡೆಯ ಪಕ್ಕವೂ ಬೇಡ. ಹತ್ತು ಡಿಗ್ರಿ ಸೆಕೆ ಹೆಚ್ಚಾದರೆ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಹಳೆಯ ಬ್ಯಾಟರಿ ಅಂಗಡಿಗೇ ವಾಪಸ್ ಕೊಟ್ಟೆವು. ಮಾರುವವರು ಹಳೆಯದನ್ನು ಹಿಂದೆ ತೆಗೆದುಕೊಳ್ಳಬೇಕು ಎಂದು 2001ರ ನಿಯಮದಲ್ಲೇ ಇತ್ತು, ಬೆಲೆಯಲ್ಲೂ ಕಡಿತ ಸಿಗುತ್ತದೆ. ಗುಜರಿಯಲ್ಲಿ ಒಡೆದು ಸುಟ್ಟರೆ ಸೀಸ ಮಣ್ಣಿಗೆ, ಬಾವಿಗೆ ಇಳಿಯುತ್ತದೆ. ಅಲ್ಲಿ ಆಡುವ ಮಕ್ಕಳ ಮೈಗೂ ಸೇರುತ್ತದೆ.

ಎಕ್ಸ್‌ಚೇಂಜಿನ ಆ ಪುಸ್ತಕದ ಮಾತು ಹೇಳಿದ ಮೇಲೆ ಗೆಳೆಯ ಒಂದು ನೂರು ಪುಟದ ನೋಟ್‌ಬುಕ್ಕನ್ನು ಇನ್ವರ್ಟರಿನ ಪಕ್ಕದ ಮೊಳೆಗೆ ತೂಗುಹಾಕಿದ. ತಂದ ದಿನ, ಡಿಸ್ಟಿಲ್ಡ್ ವಾಟರ್ ಹಾಕಿದ ದಿನ ಬರೆಯುತ್ತಾನೆ. ತಿಂಗಳಿಗೊಮ್ಮೆ ಬೇಕೆಂದೇ ಮೇನ್ ಸ್ವಿಚ್ ತೆಗೆದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿ ಅದನ್ನೂ ಬರೆಯುತ್ತಾನೆ. ಕಳೆದ ಸಲ ನಾನು ನೋಡಿದಾಗ ಕೊನೆಯ ಸಾಲಿನಲ್ಲಿ ನಾಲ್ಕು ತಾಸು ಐವತ್ತು ನಿಮಿಷ ಎಂದಿತ್ತು.

ಈ ಮುಂಗಾರಿನಲ್ಲಿ ಆ ಕಾಕಾ ಮತ್ತೆ ಬಂದರು, ಕೊನೆಯ ದಿನಕ್ಕೆ ಇನ್ನೂ ಹದಿನೈದು ದಿನ ಇರುವಾಗಲೇ. ಮಧ್ಯದಲ್ಲಿ ಕರೆಂಟ್ ಹೋಯಿತು. ಫ್ಯಾನು ನಿಂತಿತು, ಪರದೆ ನಿಲ್ಲಲಿಲ್ಲ. ಗೆಳೆಯ ಖುಷಿಯಿಂದ ಹೊಸ ಇನ್ವರ್ಟರ್ ತೋರಿಸಿ ಅದರ ಗುಣಗಾನ ಶುರು ಮಾಡಿದ. ಕಾಕಾ ಕ್ಯಾರಿಬ್ಯಾಗ್ ಬಿಗಿಯಾಗಿ ಹಿಡಿದುಕೊಂಡೇ ಹೇಳಿದರು: "ಅದೆಲ್ಲಾ ಆಮ್ಯಾಲ ಹೇಳುವಿಯಂತ ತಮ್ಮಾ. ಮೊದ್ಲ ಪಾವತಿ ಕೊಡು."